ಎರಡನೇ ಶನಿವಾರ, ನಂದಿಯ ತಪ್ಪಲು

ಬ್ಯಾಂಕಿಗೆ ರಜೆ. ಮೆಹಜಬೀನಳ ವ್ಯಾನು.
ಹಿಂದಿನ ಸೀಟಿನಲ್ಲಿ ನಾನು, ಪಂಕಜಾಕ್ಷಿ,
ನಮ್ಮಿಬ್ಬರ ನಡುವೆ ಚಿತ್ರಾನ್ನದ ಡಬ್ಬಿ.
ಮುಂದೆ ಫ್ಲೋರಿನ್, ಉಳ್ಳಾಲದವಳು,
ಕಿಟಕಿ ಇಳಿಸಿದಾಗಲೆಲ್ಲ ಮೂಗು ಚಾಚಿ
"ಗಾಳಿಯಲ್ಲಿ ಉಪ್ಪೇ ಇಲ್ಲ ಮಾರಾಯ್ತಿ" ಎನ್ನುವವಳು.
ಹನ್ನೊಂದು ವರ್ಷದಿಂದ ಈ ಊರಲ್ಲಿ ನೋಟು ಎಣಿಸುತ್ತಾಳೆ,
ಹನ್ನೊಂದು ವರ್ಷದಿಂದ ಇದೇ ದೂರು.

ಆವಲಗುರ್ಕಿ ದಾಟಿದ ಮೇಲೆ ಚಪ್ಪರ ಶುರು.
ಕಲ್ಲುಕೂಚದ ಸಾಲು, ಮೇಲೆ ತಂತಿ, ತಂತಿಗೆ ಬಳ್ಳಿ.
ಎಲೆಯ ಮೇಲೆಲ್ಲ ಮೈಲುತುತ್ತದ ನೀಲಿ ಕಲೆ,
ಯಾರೋ ಶಾಯಿ ಪೆನ್ನು ಒದರಿದ ಹಾಗೆ.
ಬಿಸಿಲು ಹೊರಗೇ ನಿಂತಿತ್ತು,
ಚಪ್ಪಲಿ ಬಿಡಲು ಮನಸ್ಸಿಲ್ಲದ ನೆಂಟನಂತೆ.
ನಾವು ಬಗ್ಗಿ ಒಳಹೊಕ್ಕೆವು. ಪಂಕಜಾಕ್ಷಿ ಉದ್ದ;
ಅವಳ ಕೂದಲಿಗೆ ಎರಡು ಸಲ ಗೊಂಚಲು ಸಿಕ್ಕಿತು.

ವೈನಿನ ಮನೆಯಲ್ಲಿ ಉಕ್ಕಿನ ಹಂಡೆಗಳು, ತಣ್ಣಗೆ.
ಏಪ್ರನ್ನು ಕಟ್ಟಿದ ಹುಡುಗ ಹೇಳಿಕೊಟ್ಟ:
ಓರೆ ಮಾಡಿ, ತಿರುಗಿಸಿ, ಮೂಗಿಟ್ಟು ಹೇಳಿ,
ಏನೇನು ಬರುತ್ತೆ?
ಲೇಬಲ್ಲಿನಲ್ಲಿ ಉತ್ತರ ಮೊದಲೇ ಇತ್ತು:
ಚೆರ್ರಿ, ಓಕ್, ಒದ್ದೆ ಕಲ್ಲು.
ಚೆರ್ರಿ ಅಂದರೆ ನಮಗೆ ಬೇಕರಿ ಕೇಕಿನ ನೆತ್ತಿಯ ಕೆಂಪು ಗುಂಡು,
ಅದು ಬಣ್ಣ ಬಳಿದ ಕವಳೆಕಾಯಿ ಎಂದು ಗೊತ್ತಾದ ದಿನ
ಪಂಕಜಾಕ್ಷಿ ಕೇಕನ್ನೇ ಬಿಟ್ಟಳು.
ಓಕ್ ಮರ ಕಂಡವರು ಯಾರೂ ಇಲ್ಲ.
ಒದ್ದೆ ಕಲ್ಲೊಂದು ಗೊತ್ತು. ಅದಕ್ಕೆ ದುಡ್ಡು ಕೊಟ್ಟು
ಇಲ್ಲಿಗೆ ಬರಬೇಕಿತ್ತೆ, ಹಿತ್ತಲಲ್ಲೇ ಇತ್ತಲ್ಲ.

ಮೆಹಜಬೀನಳಿಗೆ ಬರೀ ರಸ, ಹುದುಗದ್ದು.
ಅವಳೂ ಗ್ಲಾಸು ತಿರುಗಿಸಿ, ಕಣ್ಣು ಮುಚ್ಚಿ,
ತುಂಬ ಹೊತ್ತು ಬಿಟ್ಟು "ದ್ರಾಕ್ಷಿ" ಎಂದಳು.
ಹುಡುಗನೂ ನಕ್ಕ.

ಫ್ಲೋರಿನ್ ನಗಲಿಲ್ಲ. ಗ್ಲಾಸಿನಿಂದ ಮೂಗು ತೆಗೆಯದೆ
"ಮೆಟ್ಟಿಲ ಕೆಳಗೆ" ಎಂದಳು.
ಮತ್ತೆ ಸುಮ್ಮನಾದಳು.
ಆಮೇಲೆ ಒಂದೊಂದೇ ಬಂತು:
ಮಾಯಿಯ ಭರಣಿ, ಬಾಯಿಗೆ ಬಿಳಿ ಬಟ್ಟೆ,
ದಿನಕ್ಕೊಮ್ಮೆ ಮರದ ಸೌಟು, ಎಡಕ್ಕೆ ತಿರುಗಿಸಬಾರದು,
ಕ್ರಿಸ್ಮಸ್ಸಿನವರೆಗೆ ಮಕ್ಕಳು ಆ ಕಡೆ ಸುಳಿಯಬಾರದು,
ರಾತ್ರಿ ಕಿವಿಯಿಟ್ಟರೆ ಒಳಗೆ ಗುಳುಗುಳು,
ಆಚೆ ಕಡಲಿನದು ಬೇರೆ ಸದ್ದು.
"ದ್ರಾಕ್ಷಿ ಹಲಗೆ ಪೆಟ್ಟಿಗೆಯಲ್ಲಿ ಬರುತ್ತಿತ್ತು.
ಪೆಟ್ಟಿಗೆ ಮೇಲೆ ಮಸಿಯಲ್ಲಿ ಚಿ. ಬ. ಪುರ.
ಮದುವೆ ಕಾಗದದ ಚಿ. ಅಲ್ವಾ,
ಯಾರೋ ಹುಡುಗ ಅಂತ ಎಣಿಸಿದ್ದೆ.
ಹನ್ನೊಂದು ವರ್ಷದಿಂದ ಅದೇ ಊರಿನ ಸೀಲು ಒತ್ತುತ್ತಿದ್ದೇನೆ, ನೋಡು."

ಹೊರಗೆ ಗಂಗುಲಮ್ಮ ಗೊಂಚಲು ಕತ್ತರಿಸುತ್ತಿದ್ದಳು,
ಕೈ ಮೇಲೆ, ಕತ್ತು ಮೇಲೆ, ಬೆಳಗಿನಿಂದ.
ಮಂಗಳೂರಿಗೆ ಹೋಗುತ್ತಿತ್ತಾ ಎಂದು ಕೇಳಿದರೆ
"ಹೋಗ್ದೆ ಏನು! ಘಾಟಿ ಇಳಿಯೋವಾಗ ನಲುಗಬಾರ್ದು ಅಂತ
ಗಟ್ಟಿ ಗೊಂಚಲೇ ಆರ್ಸಿ ತುಂಬೋವ್ರು ನಾವು.
ಈಟು ಹುಳಿ ಯಾರಿಗಮ್ಮ ಬೇಕು ಅಂತ ನಗಾಡೋವ್ರು."
ವೈನು ಕುಡಿದಿದ್ದೀರಾ?
"ಕತ್ತುನೋವಿಗೆ ಒಳ್ಳೇದಾ ಅದು?"
ಯಾರಿಗೂ ಗೊತ್ತಿರಲಿಲ್ಲ.
ಫ್ಲೋರಿನ್ ಅವಳ ಕತ್ತರಿ ಇಸಕೊಂಡು
ಒಂದು ಸಾಲು ತಾನೇ ಕತ್ತರಿಸಿದಳು, ಅರ್ಧಕ್ಕೇ ತೋಳು ಸೋತು
ವಾಪಸು ಕೊಟ್ಟಳು.

ಬಾಟಲಿ ಕೊಳ್ಳಲಿಲ್ಲ. ಆರು ಕೇಜಿ ಹಣ್ಣು,
ಬಜಾರು ರಸ್ತೆಯಲ್ಲಿ ಉಪ್ಪಿನಕಾಯಿ ಭರಣಿ ಒಂದು,
ಮುಚ್ಚಳ ಸೀಳಿದ್ದಕ್ಕೆ ಮೂವತ್ತು ರೂಪಾಯಿ ಕಡಿಮೆ.
ಖಾಲಿ ಚಿತ್ರಾನ್ನದ ಡಬ್ಬಿಯಲ್ಲೂ ದ್ರಾಕ್ಷಿ, ಸಾಸಿವೆಯ ಸಮೇತ.
ದಾರಿಯುದ್ದಕ್ಕೂ ಭರಣಿ ಅವಳ ತೊಡೆಯ ಮೇಲೆ;
ಕಿಟಕಿ ಇಳಿಸಲಿಲ್ಲ.
ಹಿಂದಿನ ಸೀಟಿನ ಮೇಲೆ ರಸ ಸೋರಿ
ಬೆರಳಗಲ ನೇರಳೆ ಕಲೆ.
"ಮನೇಲಿ ವಾಸನೆ ಏನು ಅಂದರೆ ಏನು ಹೇಳಲೇ?" ಮೆಹಜಬೀನ್.
ಪಂಕಜಾಕ್ಷಿ ನಿದ್ದೆಗಣ್ಣಲ್ಲಿ:
"ಒದ್ದೆ ಕಲ್ಲು ಅನ್ನು."